ವಯಸ್ಸಿಗೆ 100 ಕೂಡಿಸಿದರೆ ನಾರ್ಮಲ್ ಬಿಪಿ ಸಿಗುತ್ತದೆಯೇ?

‘ನಿಮ್ಮ ವಯಸ್ಸಿಗೆ 100 ಕೂಡಿಸಿ, ಅಷ್ಟು ಬಿಪಿ ಇದ್ದರೆ ನಾರ್ಮಲ್’ ಎನ್ನುವ ಮೆಸೇಜ್ ಮನೆಯವರ ಗ್ರೂಪಿಗೆ ಆಗಾಗ ಬರುತ್ತಲೇ ಇರುತ್ತದೆ. ಹಿರಿಯರಿಗೆ ಧೈರ್ಯ ಬರಲಿ ಅಂತಲೇ ಕಳಿಸುತ್ತಾರೆ. ಆದರೆ ಲೆಕ್ಕ ತಪ್ಪು.

ವಯಸ್ಸಾದಂತೆ ರಕ್ತನಾಳ ಗಡುಸಾಗಿ ಮೇಲಿನ ಬಿಪಿ (ಎರಡು ಅಂಕಿಗಳಲ್ಲಿ ಮೊದಲನೆಯದು) ಏರುವುದು ನಿಜ. ಹಾಗಂತ ಅದರಿಂದ ಅಪಾಯವಿಲ್ಲ ಅಂತಲ್ಲ. ಈ ಲೆಕ್ಕ ನಂಬಿದರೆ 75ರ ಅಜ್ಜಿಗೆ 175 ಸರಿ ಅನ್ನಬೇಕಾಗುತ್ತದೆ, ಅಲ್ವಾ? ಬೇರೆ ಬೇರೆ ದಿನ ನೋಡಿದಾಗಲೂ 140/90 ದಾಟಿದ್ದರೆ ನಮ್ಮಲ್ಲಿ ವೈದ್ಯರು ಸಾಮಾನ್ಯವಾಗಿ ಜಾಸ್ತಿ ಎನ್ನುತ್ತಾರೆ. ಎಷ್ಟಕ್ಕೆ ಇಳಿಸಬೇಕು ಅನ್ನೋದನ್ನು ಅವರೇ ಹೇಳಬೇಕು. ಮೆಸೇಜ್ ನೋಡಿ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು.

ಅಳೆಯುವ ಮುಂಚೆ 5 ನಿಮಿಷ ಸುಮ್ನೆ ಕೂತಿರಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಪಟ್ಟಿ ಕಟ್ಟಿದ ತೋಳು ಎದೆಯ ಮಟ್ಟಕ್ಕೆ. ಕಾಫಿ ಕುಡಿದ ಕೂಡಲೇ ಬೇಡ.

ಇಂಥ ಮೆಸೇಜ್ ಬಂದಾಗ ಯಾರು, ಯಾವಾಗ ಹೇಳಿದ್ದು ಅಂತ ನೋಡಿ. ಸರ್ಕಾರಿ ಆರೋಗ್ಯ ಜಾಲತಾಣದಲ್ಲಿ ಅದೇ ಅಂಕಿ ಇದೆಯಾ ಹುಡುಕಿ. ಹತ್ತಿರದ ಪಿಎಚ್‌ಸಿ ನರ್ಸ್‌ಗೆ ತೋರಿಸಿ ಕೇಳಿದರೂ ಆಯ್ತು. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಕಂಡರೆ ಬಿಪಿ ನೋಡುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.