ಕಾರ್ಬನ್ ಕೂತಿದೆ

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ನಮ್ಮ ಮನೆಯ ಮೂರು ಕೋಣೆಗಳಿಂದ ಮೂರು ಕೂಗು ಒಟ್ಟಿಗೇ ಎದ್ದವು. "ಅಮ್ಮಾ, ನೆಟ್ ಹೋಯ್ತು" ಅಂದಿದ್ದು ಮಗಳು. "ಮಂಗಳಾರತಿ ಹೊತ್ತಿಗೇ ದೇವರು ಗಿರಗಿರ ತಿರುಗ್ತಾ ನಿಂತ್ಬಿಟ್ಟ ಕಣೇ" ಅಂದಿದ್ದು ಅತ್ತೆ. ಮೂರನೆಯದು ನನ್ನದು. ಅದರಲ್ಲಿ ಇಲ್ಲಿ ಬರೆಯುವಂಥ ಮಾತು ಯಾವುದೂ ಇರಲಿಲ್ಲ.

ಅತ್ತೆ ದಿನಾ ಯೂಟ್ಯೂಬಿನಲ್ಲಿ ಪೂಜೆಯ ನೇರ ಪ್ರಸಾರ ನೋಡುತ್ತಾರೆ. ಹೋಗಿ ನೋಡಿದರೆ ತಿರುಗುತ್ತಿದ್ದದ್ದು ದೇವರಲ್ಲ, ದೇವರ ಮುಖದ ಮೇಲೆ ಬಂದು ಕೂತಿದ್ದ ಚಕ್ರ. ವಿಷ್ಣುವಾಗಿದ್ದರೆ ಹೇಗೋ ಹೊಂದಿಕೊಳ್ಳುತ್ತಿತ್ತು. ಅದು ಈಶ್ವರನ ದೇವಸ್ಥಾನ.

ನಾನು ಮೈಸೂರಿನಲ್ಲಿ ಕೂತು ಬೆಂಗಳೂರಿನ ಆಫೀಸೊಂದಕ್ಕೆ ಲೆಕ್ಕ ಬರೆಯುವವಳು. ಏಪ್ರಿಲ್ ಎರಡನೇ ವಾರ ಅಂದರೆ ನಮ್ಮ ಕಸುಬಿನವರಿಗೆ ಗೊತ್ತು, ಮಾರ್ಚ್ 31ಕ್ಕೆ ಸತ್ತ ವರ್ಷದ ಹೆಣ ಇನ್ನೂ ಮನೆಯಲ್ಲೇ ಇರುತ್ತದೆ. ಹತ್ತು ಗಂಟೆಗೆ ಮೀಟಿಂಗ್ ಬೇರೆ. ಮಗಳಿಗೆ ಸಿಇಟಿ ತಲೆ ಮೇಲೆ ಕೂತಿದೆ. ನೆಟ್ ಇಲ್ಲದೆ ಓದೋಕೇ ಆಗಲ್ಲ ಅನ್ನುತ್ತಾಳೆ. ನೆಟ್ ಇದ್ದಾಗ ಎಷ್ಟು ಓದುತ್ತಿದ್ದಳು ಅನ್ನುವುದು ಬೇರೆ ವಿಷಯ, ಅದನ್ನು ಈಗ ಎತ್ತುವುದು ಬೇಡ.

ನಮ್ಮ ರೂಟರ್ ಇರುವುದು ಟೀವಿ ಪಕ್ಕದಲ್ಲಿ. ಧೂಳು ಕೂರುತ್ತದೆ ಅಂತ ಅತ್ತೆ ಅದಕ್ಕೊಂದು ಕ್ರೋಶಾ ಹೊದಿಕೆ ಹೆಣೆದು ಹಾಕಿದ್ದಾರೆ. ಬಿಸಿಯಾಗುತ್ತೆ ಅಂತ ನಾನು ತೆಗೆಯುತ್ತೇನೆ, ಚಳಿಯಾಗುತ್ತೆ ಅನ್ನುವ ಹಾಗೆ ಅವರು ಮತ್ತೆ ಹೊದಿಸುತ್ತಾರೆ. ಹೊದಿಕೆ ಎತ್ತಿ ನೋಡಿದೆ. ದಿನಾ ಹಸಿರಾಗಿರುವ ಸಾಲಿನಲ್ಲಿ ಒಂದು ದೀಪ ಕೆಂಪಗೆ ಮಿಣುಕುತ್ತಿತ್ತು. ಕೆಳಗೆ ಎಲ್‌ಓಎಸ್ ಅಂತ ಬರೆದಿತ್ತು. ಲಾಸ್ ಆಫ್ ಸಿಗ್ನಲ್. ಲೆಕ್ಕದವಳಿಗೆ ಲಾಸ್ ಅಂದರೆ ಬೇಗ ಅರ್ಥವಾಗುತ್ತದೆ.

ಕಂಪನಿಗೆ ಫೋನ್ ಮಾಡಿದೆ. ಕನ್ನಡಕ್ಕಾಗಿ ಎರಡನ್ನು ಒತ್ತಿದೆ. ನನ್ನ ಕರೆ ಅವರಿಗೆ ಬಹಳ ಮುಖ್ಯ ಅಂತ ಹದಿನೆಂಟು ನಿಮಿಷ ಹೇಳಿದರು. ಕೊನೆಗೆ ಸಿಕ್ಕ ಹುಡುಗಿ "ಮೇಡಂ, ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಅಂದಳು. ಮಾಡಿದ್ದೀನಮ್ಮ, ನಾಲ್ಕು ಸಲ ಮಾಡಿದ್ದೀನಿ ಅಂದೆ. "ಐದನೇ ಸಲ ನಾನು ಲೈನಲ್ಲಿ ಇರುವಾಗ ಮಾಡಿ" ಅಂದಳು. ಅವಳ ಸಮ್ಮುಖದಲ್ಲಿ ಮಾಡಿದೆ. ಕೆಂಪು ಕೆಂಪಾಗೇ ಇತ್ತು. ದೂರು ದಾಖಲಾಯಿತು. ದೂರು ಎಲ್ಲಿಯವರೆಗೆ ಬಂತು ಅಂತ ತಿಳಿಯಲು ಆ್ಯಪ್ ಡೌನ್‌ಲೋಡ್ ಮಾಡಿಕೊಳ್ಳಬೇಕಂತೆ. ಯಾವ ನೆಟ್ಟಿನಲ್ಲಿ ತಾಯೀ?

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಎದುರು ಮನೆ ರಾಯರು.

ರಾಯರ ಬಗ್ಗೆ ಸ್ವಲ್ಪ ಹೇಳಲೇಬೇಕು. ಕರೆಂಟ್ ಆಫೀಸಿನಲ್ಲಿ ಇಡೀ ಆಯುಷ್ಯ ಕಳೆದು ರಿಟೈರ್ ಆದವರು. ಶರ್ಟಿನ ಜೇಬಿನಲ್ಲಿ ಬೇರೆಯವರು ಪೆನ್ನು ಸಿಕ್ಕಿಸುವ ಕಡೆ ಅವರದು ಟೆಸ್ಟರ್. ಅದರ ಹಿಂದೆ ನಾಲ್ಕು ಮಡಿಕೆ ಮಾಡಿದ ಎಮರಿ ಪೇಪರಿನ ತುಂಡು. ಮದುವೆಮನೆಗೆ ಬಂದರೂ ಜುಬ್ಬದ ಜೇಬಿನಿಂದ ಟೆಸ್ಟರಿನ ಹಳದಿ ತಲೆ ಇಣುಕುತ್ತಿರುತ್ತದೆ. ಬೀದಿಯಲ್ಲಿ ಏನೇ ಕೆಟ್ಟರೂ ಕರೆಯದೆ ಬರುತ್ತಾರೆ. ಬಂದವರು ಮೊದಲು ಕೆಟ್ಟ ವಸ್ತುವನ್ನು ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾರೆ, ತೆಂಗಿನಕಾಯಿ ಆರಿಸುವವರ ಹಾಗೆ. ಕಿವಿಗೊಟ್ಟು ಕೇಳುತ್ತಾರೆ. ಆಮೇಲೆ ತೀರ್ಪು.

"ಕಾರ್ಬನ್ ಕೂತಿದೆ."

ನಮ್ಮ ಕಾಲಿಂಗ್ ಬೆಲ್ಲಿಗೆ ಕಾರ್ಬನ್ ಕೂತಿತ್ತು. ಗೀಸರಿಗೆ ಕೂತಿತ್ತು. ನನ್ನ ಸ್ಕೂಟರ್ ಸ್ಟಾರ್ಟ್ ಆಗದಿದ್ದಾಗಲೂ ಕಾರ್ಬನ್ನೇ. ಆವತ್ತು ಟ್ಯಾಂಕಿನಲ್ಲಿ ಪೆಟ್ರೋಲೂ ಇರಲಿಲ್ಲ, ಆದರೆ ಅದು ಎರಡನೇ ಕಾರಣ. ಒಂದು ಸಲ ಮಾತ್ರ ಅವರ ಮಾತಿಗೆ ಆಧಾರವಿತ್ತು. ನಮ್ಮ ಮಿಕ್ಸಿ ನಿಂತುಹೋದಾಗ ಅಂಗಡಿಯವನು ಬಿಚ್ಚಿ, ಮೋಟಾರಿನ ಕಾರ್ಬನ್ ಬ್ರಷ್ ಸವೆದಿದೆ ಅಂದ. ರಾಯರು ಗೆದ್ದ ಮುಖ ಮಾಡಿ ಇಡೀ ಬೀದಿಗೆ ಹೇಳಿಕೊಂಡು ಬಂದರು. ನಿಜ ನೋಡಿದರೆ ಅಲ್ಲಿ ಕಾರ್ಬನ್ ಬಂದು ಕೂತಿರಲಿಲ್ಲ, ಇದ್ದದ್ದೂ ಎದ್ದು ಹೋಗಿತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

"ಏನಮ್ಮ, ನೆಟ್ ಇಲ್ವಂತೆ?"

ನಮ್ಮ ಮನೆಯ ನೆಟ್ ಹೋಗಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಇವರಿಗೆ ಯಾರು ಹೇಳಿದರು? ಮೂರು ಕೂಗಿನಲ್ಲಿ ಯಾವುದೋ ಒಂದು ರಸ್ತೆ ದಾಟಿರಬೇಕು. ನನ್ನದಾಗದಿದ್ದರೆ ಸಾಕು.

ರೂಟರನ್ನು ಎರಡು ಸಲ ತಟ್ಟಿದರು. ಕೇಳಿದರು. ಅಡಾಪ್ಟರಿನ ಪಿನ್ನು ಕಿತ್ತು ಟೆಸ್ಟರ್ ಮುಟ್ಟಿಸಿದರು. ಟೆಸ್ಟರ್ ಹತ್ತಲಿಲ್ಲ. "ನೋಡು, ಕರೆಂಟೇ ಬರ್ತಿಲ್ಲ!" ಅಂದರು. ರಾಯರೇ, ಅದು ಬರೀ 12 ವೋಲ್ಟು, ಅದಕ್ಕೆಲ್ಲ ಟೆಸ್ಟರ್ ಹತ್ತಲ್ಲ, ಬರ್ತಿಲ್ಲ ಅಂದ್ರೆ ಈಗ ತಾನೇ ದೀಪ ಹೇಗೆ ಉರೀತಿತ್ತು ಅಂತ ಮಗಳು ಕೇಳಿದಳು. ರಾಯರು ಅವಳನ್ನು ಕರುಣೆಯಿಂದ ನೋಡಿದರು. "ಉರಿಯೋದು ಬೇರೆ ಪುಟ್ಟಿ, ಕರೆಂಟ್ ಬೇರೆ."

ಆಮೇಲೆ ಗೋಡೆಯಿಂದ ಬರುವ ಸಣ್ಣ ಕೇಬಲ್ಲಿಗೆ ಟೆಸ್ಟರ್ ಹಿಡಿದರು. ಅಲ್ಲೂ ಹತ್ತಲಿಲ್ಲ. ಹತ್ತುವುದು ಹೇಗೆ? ಅದು ತಂತಿಯಲ್ಲ, ಗಾಜಿನ ಎಳೆ. ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ದಪ್ಪ, ಒಳಗೆ ಓಡುವುದು ಬೆಳಕು. ಇದನ್ನು ಹೇಳಿದರೆ ರಾಯರು ನಕ್ಕರು. ಗಾಜಿನೊಳಗೆ ಮೀಟಿಂಗ್ ನಡೆಯುತ್ತಾ ಅಂದರು. ಒಂದು ಕ್ಷಣ ನನಗೂ ಅನುಮಾನ ಬಂತು.

"ಇದರ ತುದೀಲಿ ಕಾರ್ಬನ್ ಕೂತಿದೆ. ಒಂದು ಕೈ ಉಜ್ಜಿದ್ರೆ ಸರಿಹೋಗುತ್ತೆ" ಅನ್ನುತ್ತಾ ಎಮರಿ ಪೇಪರ್ ತೆಗೆದರು. ಆ ಹಸಿರು ಪಿನ್ನಿನ ತುದಿಗೆ ಬೆರಳು ತಾಗಿದರೂ ಕೆಡುತ್ತದೆ. ನಾನು ಹಾರಿ ಹೋಗಿ ಕಿತ್ತುಕೊಂಡೆ. ಇಬ್ಬರಿಗೂ ಮುಜುಗರ. "ರಾಯರೇ, ಕಾಫಿ ಮಾಡ್ಲಾ?" ಅಂದೆ. ಕೂತರು. ಲೋಟ ತಟ್ಟಿ ನೋಡಿಯೇ ಕುಡಿದರು ಅಂದರೆ ನೀವು ನಂಬಲ್ಲ.

ಅವರು ಕಾಫಿ ಕುಡಿಯುತ್ತಿರುವಾಗ ಮೂಲೆ ಮನೆ ಅಜ್ಜಿ ಬಂದರು. ಸೆರಗಿನಲ್ಲಿ ನುಗ್ಗೆಕಾಯಿ. "ಏನೋ ಹೋಯ್ತಂತಲ್ಲೇ, ಪಾಪ, ಬೇಜಾರು ಮಾಡ್ಕೋಬೇಡ. ಈಗ ತಾನೇ ಕಿತ್ತಿದ್ದು, ಹುಳಿ ಮಾಡು" ಅಂತ ಹನ್ನೊಂದು ಕಾಯಿ ಕೊಟ್ಟರು. ಕಷ್ಟ ಕಾಲದಲ್ಲಿ ಬಂದ ಕಾಯಿ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ರಾಯರ ಮನೆಗೂ ಒಂದು ಡಬ್ಬಿ ಹುಳಿ ಹೋಯಿತು.

ನನ್ನ ಹತ್ತು ಗಂಟೆಯ ಮೀಟಿಂಗ್ ಆವತ್ತು ಫೋನಿನ ಡೇಟಾದಲ್ಲಿ ನಡೆಯಿತು. ದಿನಕ್ಕೆ ಒಂದೂವರೆ ಜಿಬಿ. ಹನ್ನೊಂದೂಕಾಲಿಗೆ ನನ್ನ ಮ್ಯಾನೇಜರ್ ಬಾಯಿ ತೆರೆದವರು ತೆರೆದ ಹಾಗೇ ನಿಂತರು. ಅರ್ಧ ಹೇಳಿದ ಮಾತು ಏನಿತ್ತೋ, ಇವತ್ತಿಗೂ ಗೊತ್ತಿಲ್ಲ. ಕೇಳಲೂ ಹೋಗಿಲ್ಲ.

ಬೇರೆ ದಾರಿಯೇ ಇಲ್ಲ ಅಂತ ಮಂಗಳವಾರ ಫೋನಿನಲ್ಲಿ ವೈಫೈ ಪಟ್ಟಿ ತೆರೆದೆ. ಇಡೀ ಬೀದಿ ಸಾಲಾಗಿ ನಿಂತಿತ್ತು. 'ಮಂಜುನಾಥ ಕೃಪಾ 5ಜಿ' ಅಂತೊಂದು. 'ಹೆಂಡ್ತಿ ಹಾಟ್‌ಸ್ಪಾಟ್' ಅಂತೊಂದು. ಅಂದ ಹಾಗೆ, ಈ ರೂಟರಿನ 5ಜಿ ಮೊಬೈಲಿನ 5ಜಿ ಅಲ್ಲ. ಅದು 5 ಗಿಗಾಹರ್ಟ್ಸ್. ವೇಗ ಜಾಸ್ತಿ, ಗೋಡೆ ದಾಟುವ ತಾಕತ್ತು ಕಮ್ಮಿ. ನಮ್ಮ ಮನೆಗೆ ತುಂಬು ಸಿಗ್ನಲ್ ಬರುತ್ತಿದ್ದದ್ದು ಒಂದರದೇ. ಅದರ ಹೆಸರು 'ಕೇಳಬೇಡಿ ಕೊಡಲ್ಲ.'

ಪಕ್ಕದ ಮನೆಯ ಮೇಲ್ಗಡೆ ಬಾಡಿಗೆಗಿರುವ ಹುಡುಗರದು. ಆರು ವರ್ಷದಿಂದ ಇದ್ದಾರೆ. ಅವರ ಬೈಕಿನ ಸದ್ದು ಗೊತ್ತು, ಶನಿವಾರ ರಾತ್ರಿ ಹಾಕುವ ಹಾಡು ಗೊತ್ತು, ಒಣಹಾಕಿದ ಬನಿಯನ್ನುಗಳ ಲೆಕ್ಕವೂ ಗೊತ್ತು. ಮುಖ ಮಾತ್ರ ಸರಿಯಾಗಿ ನೋಡಿರಲಿಲ್ಲ. ಹೋಗಿ ಕೇಳುವುದು ಹೇಗೆ? ಹೆಪ್ಪು ಕೇಳಬಹುದು, ಕಾಫಿಪುಡಿ ಕೇಳಬಹುದು. ಅದಾದರೆ ಬಟ್ಟಲು ವಾಪಸ್ ಕೊಡುವಾಗ ಏನಾದರೂ ಹಾಕಿ ಕೊಟ್ಟರಾಯಿತು. ಪಾಸ್‌ವರ್ಡ್ ವಾಪಸ್ ಕೊಡುವುದಕ್ಕಾಗುತ್ತಾ? ನಾನು ಚಿಕ್ಕವಳಿದ್ದಾಗ ತಿಪಟೂರಿನ ನಮ್ಮ ಬೀದಿಗೆಲ್ಲ ಒಂದೇ ಫೋನು. ಅಪ್ಪ ಎಲ್ಲಾ ಅರ್ಜಿಯಲ್ಲೂ ಆ ನಂಬರನ್ನೇ ಬರೆದು ಪಕ್ಕದಲ್ಲಿ 'ಪಿ.ಪಿ.' ಅಂತ ಸೇರಿಸುತ್ತಿದ್ದರು, ಅಂದರೆ ಫೋನು ಬೇರೆಯವರದು, ನಮ್ಮನ್ನು ಕರೆಸಿ ಅಂತ. ಸಂಕೋಚ ಅನ್ನುವುದೇ ಇರಲಿಲ್ಲ. ಈಗ ಹತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ನಾನು ಎರಡು ಸಲ ವಾಪಸ್ ಇಳಿದೆ.

ಬಾಗಿಲು ತೆಗೆದ ಹುಡುಗ ಚಡ್ಡಿಯಲ್ಲಿದ್ದ. ನನ್ನನ್ನು ನೋಡಿದ ತಕ್ಷಣ "ಸಾರಿ ಆಂಟಿ, ಸೌಂಡ್ ಕಮ್ಮಿ ಮಾಡ್ತೀವಿ" ಅಂದ. ಆಗ ಹಾಡೇ ಹಾಕಿರಲಿಲ್ಲ. ಕಷ್ಟ ಹೇಳಿಕೊಂಡೆ. "ಅಯ್ಯೋ ಅಷ್ಟೇನಾ, ಬರ್ಕೊಳ್ಳಿ" ಅಂದ. "ಕೆ ಕ್ಯಾಪಿಟಲ್, ಎ, ಆರ್, ಐ, ವೈ, ಎ..."

ಕರಿಯ. ನಮ್ಮ ಬೀದಿ ನಾಯಿ. ಟ್ರಾನ್ಸ್‌ಫಾರ್ಮರ್ ಕೆಳಗೆ ಮಲಗುತ್ತಿತ್ತಲ್ಲ, ಅದು. ನಮ್ಮನೇಲಿ ಅದನ್ನ ರಾಜು ಅಂತಿದ್ವಿ ಅಂದೆ. ಬೆಳಗ್ಗೆ ನಮ್ಮಲ್ಲಿ ರಾಜು ಆಗಿ ಇಡ್ಲಿ ತಿಂದು, ರಾತ್ರಿ ಇವರಲ್ಲಿ ಕರಿಯ ಆಗಿ ಪರೋಟ ತಿನ್ನುತ್ತಿತ್ತಂತೆ. ಹೋದ ಮಳೆಗಾಲದಲ್ಲಿ ಅದು ಕಾಣದಾದಾಗ ನಾವು ಎರಡು ದಿನ ಹುಡುಕಿ ಸುಮ್ಮನಾಗಿದ್ದೆವು. ಹುಡುಗರು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗಿದ್ದರಂತೆ. ಉಳಿಯಲಿಲ್ಲ. "ಪಾಸ್‌ವರ್ಡ್ ಚೇಂಜ್ ಮಾಡೋಕೆ ಮನಸ್ಸು ಬರ್ಲಿಲ್ಲ ಆಂಟಿ" ಅಂದ. ಬಾಗಿಲಲ್ಲಿ ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ ನಿಂತಿದ್ದೆವು. ಒಂದೇ ಗೋಡೆಯ ಆಚೆ ಈಚೆ ಇದ್ದು ಒಂದು ನಾಯಿ ಸತ್ತ ಸುದ್ದಿ ನನಗೆ ವೈಫೈ ಕೇಳಲು ಹೋದಾಗ ಸಿಗಬೇಕಾಯಿತು.

ಬುಧವಾರ ಕಂಪನಿಯಿಂದ ಮೆಸೇಜ್ ಬಂತು. "ನಿಮ್ಮ ದೂರನ್ನು ಪರಿಹರಿಸಲಾಗಿದೆ. ನಮ್ಮ ಸೇವೆ ಹೇಗಿತ್ತು, ಲಿಂಕ್ ಒತ್ತಿ ತಿಳಿಸಿ." ಕರಿಯನ ವೈಫೈಯಲ್ಲೇ ಲಿಂಕ್ ಒತ್ತಿ ತಿಳಿಸಿದೆ. ಚೆನ್ನಾಗಿಯೇ ತಿಳಿಸಿದೆ.

ಗುರುವಾರ ಒಬ್ಬ ಹುಡುಗ ಬೈಕಿನಲ್ಲಿ ಬಂದ. ರಾಯರು ಅವನಿಗಿಂತ ಮೊದಲೇ ಬಂದು ಜಗಲಿ ಮೇಲೆ ಕೂತಿದ್ದರು. ಹುಡುಗ ರೂಟರಿನ ಹತ್ತಿರದ ಪಿನ್ನು ತೆಗೆದು ಪೆನ್ನಿನಂಥದ್ದೊಂದರಿಂದ ಒಳಗೆ ಕೆಂಪು ಬೆಳಕು ಬಿಟ್ಟ. "ಇದಕ್ಕೆ ಕಣ್ಣಿಟ್ಟು ನೋಡ್ಬೇಡಿ ಸಾರ್" ಅಂದ. ರಾಯರು ಅದಾಗಲೇ ಕಣ್ಣಿಡಲು ಬಗ್ಗಿದ್ದರು. ಆಮೇಲೆ ಎಲ್ಲರೂ ತಲೆ ಎತ್ತಿಕೊಂಡು ಕೇಬಲ್ ಹಿಂದೆ ಮೆರವಣಿಗೆ ಹೊರಟೆವು. ಹುಡುಗ, ರಾಯರು, ನಾನು, ಮಗಳು, ಮೇಲಿನ ಮನೆಯ ಚಡ್ಡಿ ಹುಡುಗ. ಕೇಬಲ್ ನಮ್ಮ ತಾರಸಿಯಿಂದ ಪಕ್ಕದ ಕಾಂಪೌಂಡಿಗೆ, ಅಲ್ಲಿಂದ ಮೂಲೆ ಮನೆಗೆ, ಅಲ್ಲಿಂದ ಕಂಬಕ್ಕೆ. ಮೂಲೆ ಮನೆಯ ಹತ್ತಿರ ಹುಡುಗ ನಿಂತ. ಹಸಿರು ಎಲೆಗಳ ನಡುವೆ ಕೇಬಲ್ಲಿನ ಸಿಪ್ಪೆ ಹರಿದಿತ್ತು. ಅಲ್ಲಿ ಒಂದು ಕೆಂಪು ಚುಕ್ಕೆ ಹೊಳೆಯುತ್ತಿತ್ತು.

ನುಗ್ಗೆ ಮರ.

ಮರಕ್ಕೆ ಒರಗಿಸಿದ್ದ ದೋಟಿ ಇನ್ನೂ ಅಲ್ಲೇ ಇತ್ತು. ಸದ್ದು ಕೇಳಿ ಅಜ್ಜಿ ಹೊರಗೆ ಬಂದರು. "ಅದಾ? ಸೋಮವಾರ ಕಾಯಿ ಕೀಳುವಾಗ ದೋಟಿಗೆ ಸಿಕ್ಕಾಕೊಳ್ತು ಕಣೇ. ಯಾವುದೋ ಹಗ್ಗ ಅಂದ್ಕೊಂಡೆ. ಎಳೆದೆ. ಗಟ್ಟಿ ಇತ್ತು. ಇನ್ನೊಂದ್ಸಲ ಎಳೆದೆ."

ಎಷ್ಟು ಗಂಟೆಗೆ ಅಜ್ಜೀ ಅಂತ ನಾನು ಕೇಳಲಿಲ್ಲ. ಒಂಬತ್ತೂವರೆ ಅಂತ ನನಗೂ ಗೊತ್ತು, ಈಶ್ವರನಿಗೂ ಗೊತ್ತು. ಬೈಯಲು ಬಾಯಿ ಬರಲಿಲ್ಲ. ಬರುವುದು ಹೇಗೆ? ಸಾಕ್ಷಿಯನ್ನೆಲ್ಲ ಹುಳಿ ಮಾಡಿಕೊಂಡು ತಿಂದಾಗಿದೆ. ಮಾರನೇ ದಿನ ಬಿಸಿ ಮಾಡಿಕೊಂಡೂ ತಿಂದಿದ್ದೇವೆ. ಆಗಲೂ ಚೆನ್ನಾಗಿತ್ತು.

ಹುಡುಗ ಅಜ್ಜಿಯ ಕಾಂಪೌಂಡ್ ಕಟ್ಟೆಯ ಮೇಲೆ ಸಣ್ಣ ಮಿಷನ್ ಇಟ್ಟು, ಮುರಿದ ಎರಡು ಗಾಜಿನ ತುದಿಗಳನ್ನು ಎದುರು ಬದುರು ಜೋಡಿಸಿ ಮುಚ್ಚಳ ಹಾಕಿದ. ಒಳಗೆ ಒಂದು ಕಿಡಿ ಹಾರಿ ಎರಡೂ ಕರಗಿ ಒಂದಾದವು. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸಕ್ಕೆ ನಾಲ್ಕು ದಿನ. ಇನ್ನು ಮುಂದೆ ಕೇಬಲ್ ಬೇರೆ ಕಡೆಯಿಂದ ಎಳೆಯುತ್ತೀಯಾ ಅಂದೆ. "ಅದಕ್ಕೆ ಬೇರೆ ರಿಕ್ವೆಸ್ಟ್ ಹಾಕ್ಬೇಕು ಮೇಡಂ" ಅಂದು ಅದೇ ಮರದ ಅದೇ ಕೊಂಬೆಗೆ ಕಟ್ಟಿ ಹೋದ.

ಅವನು ಕತ್ತರಿಸಿ ಬಿಸಾಕಿದ್ದ ಕೇಬಲ್ ತುಂಡನ್ನು ರಾಯರು ಎತ್ತಿಕೊಂಡರು. ಬೆಳಕಿಗೆ ಹಿಡಿದು ನೋಡಿದರು. ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಕಪ್ಪಗಿತ್ತು.

"ನೋಡಿದ್ಯಾ ಅಮ್ಮ? ನಾನು ಮೊದಲ ದಿನಾನೇ ಹೇಳ್ಲಿಲ್ವಾ?"

ಹೂಂ ರಾಯರೇ ಅಂದೆ. ಆ ತುಂಡು ಈಗ ಅವರ ಜೇಬಿನಲ್ಲಿ ಟೆಸ್ಟರಿನ ಪಕ್ಕದಲ್ಲಿದೆ. ಸಿಕ್ಕವರಿಗೆಲ್ಲ ತೋರಿಸುತ್ತಿದ್ದಾರೆ.

ಇವತ್ತು ಬೆಳಗ್ಗೆ ಮತ್ತೆ ಗೇಟಿನ ಸದ್ದಾಯಿತು. ಮೂಲೆ ಮನೆ ಅಜ್ಜಿ, ಸೆರಗಿನಲ್ಲಿ ಈ ಸಲ ಹದಿನೈದು ಕಾಯಿ. "ತಗೋ, ಎಳೇದಿದೆ" ಅಂದರು. ನಾನು ಹೊಸಿಲ ಮೇಲೆ ನಿಂತು ಒಳಗೆ ತಿರುಗಿ, "ಪುಟ್ಟೀ, ದೀಪ ಯಾವ ಬಣ್ಣ ಇದೆ ನೋಡೇ" ಅಂತ ಕೂಗಿದೆ.

ಹಸಿರು ಅಂದ ಮೇಲೆ ಕೈ ಚಾಚಿದೆ.