ಈ ಸಲ ಔಲಿಗೆ ರೈಲಲ್ಲೇ

ವೀಕೆಂಡ್ ಬಂದ್ರೆ ನಮ್ಮ ಕೊಡಗಿನ ಮಾಂದಲಪಟ್ಟಿ ಗುಡ್ಡಕ್ಕೆ ಹತ್ತೋ ಟೂರಿಸ್ಟ್ ಜೀಪ್ ಸಾಲು ನೋಡಿ ಬೈಯೋದ್ರಲ್ಲಿ ನಾನೇ ಮುಂದೆ. ತಡಿಯಂಡಮೋಳ್ ಬೆಟ್ಟದ ದಾರೀಲಿ ಚಿಪ್ಸ್ ಪ್ಯಾಕೆಟ್ ಹೆಕ್ಕಿ ಹೆಕ್ಕಿ ಸೊಂಟ ಹಿಡ್ಕೊಂಡಿದೆ. ಆದ್ರೆ ಹೋದ ವರ್ಷ ಹಿಮದ ಮೇಲೆ ಸ್ಕೀ ಕಲಿಯೋಕೆ ಅಂತ ಉತ್ತರಾಖಂಡದ ಔಲಿಗೆ ಹೋದ ನಾನು ಮಾಡಿದ್ದೇನು ಹೇಳಿ? ಫ್ಲೈಟು, ಟ್ಯಾಕ್ಸಿ, ಮೂರು ದಿನ, ಮುನ್ನೂರು ಫೋಟೋ, ವಾಪಸ್. ಪಕ್ಕಾ ಮಾಂದಲಪಟ್ಟಿ ಟೂರಿಸ್ಟ್!

ಔಲಿಯ ಕೆಳಗಿರೋ ಜೋಶಿಮಠದಲ್ಲಿ ಚಾ ಅಂಗಡಿಯ ಅಜ್ಜ ಗೋಡೆ ಬಿರುಕು ತೋರಿಸಿದ್ರು. 2023ರ ಜನವರಿಯಲ್ಲಿ ಅಲ್ಲಿ ನೆಲ ಕುಸಿದು ನೂರಾರು ಮನೆ ಬಿರುಕು ಬಿಟ್ಟಿದ್ದು, ಔಲಿ ರೋಪ್‌ವೇ ನಿಂತಿದ್ದು ಟಿವೀಲಿ ನೋಡಿದ್ದೆ, ಆದ್ರೆ 2018ರ ಆಗಸ್ಟಲ್ಲಿ ನಮ್ಮ ಮಕ್ಕಂದೂರು ಕಡೆ ಗುಡ್ಡ ಜಾರಿದ್ದನ್ನ ಕಂಡವನಿಗೆ ಆ ಗೋಡೆ ಮುಂದೆ ನಿಂತಾಗ ಮಾತೇ ಬರ್ಲಿಲ್ಲ.

ಅದಕ್ಕೇ ಈ ಸಲ ಸ್ಕೀ ಟೂರಿಂಗ್. ಲಿಫ್ಟ್ ಗಿಫ್ಟ್ ಇಲ್ಲ, ಸ್ಕೀ ಅಡಿಗೆ ಸ್ಕಿನ್ ಅಂತ ಒಂದು ಪಟ್ಟಿ ಅಂಟಿಸ್ತಾರೆ, ಮುಂದಕ್ಕೆ ಜಾರುತ್ತೆ ಹಿಂದಕ್ಕೆ ಜಾರಲ್ಲ (ಹಿಂದೆಲ್ಲ ಸೀಲ್ ಪ್ರಾಣಿಯ ಚರ್ಮ ಕಟ್ತಿದ್ರಂತೆ, ಈಗ ನೈಲಾನ್ ಇಲ್ಲಾ ಮೊಹೇರ್), ಬೂಟಿನ ಹಿಮ್ಮಡಿ ಸ್ಕೀಗೆ ಅಂಟದೆ ಬಿಟ್ಕೊಂಡಿರುತ್ತೆ, ನಡ್ಕೊಂಡೇ ಹತ್ತಿ, ಮೇಲೆ ಸ್ಕಿನ್ ಕಿತ್ತು ಜಾರ್ಕೊಂಡು ಬರೋದು. ಔಲಿ ಮೇಲಿನ ಗೋರ್ಸನ್ ಬುಗ್ಯಾಲ್ ಅನ್ನೋ ಹುಲ್ಲುಗಾವಲು ತನಕ ಸಾಕು, ನಂದಾದೇವಿ ಶಿಖರ ಕಂಡ್ರೆ ಅದೇ ಲಾಭ. ಕೊಡಗಿನವ್ರಿಗೆ ಹಿಮ ಎಂತಕ್ಕೆ ಅಂತ ನಗೋರು ಸ್ವಲ್ಪ ತಡೀರಿ, ನಮ್ಮ ತೆಕ್ಕಡ ಭವಾನಿ ಕ್ರಾಸ್ ಕಂಟ್ರಿ ಸ್ಕೀಯಿಂಗಲ್ಲಿ ದೇಶದ ಪರವಾಗೇ ಸ್ಪರ್ಧೆ ಮಾಡಿದ್ದಾರೆ.

ಜಾಸ್ತಿ ಹೊಗೆ ಉಗುಳೋದು ನಮ್ಮ ಪ್ರಯಾಣವೇ, ಪ್ಲಾಸ್ಟಿಕ್ ಬದಲು ಬಿದಿರಿನ ಟೂತ್ ಬ್ರಷ್ ತಗೊಂಡು ಹೋದ್ರೆ ಅದು ಸರಿಹೋಗಲ್ಲ. ಕೊಡಗಲ್ಲಿ ರೈಲೇ ಇಲ್ಲ, ಮೈಸೂರಿಗೆ ಬಸ್ಸು, ಅಲ್ಲಿಂದ ರೈಲಲ್ಲಿ ದೆಹಲಿ, ಹರಿದ್ವಾರ, ಆಮೇಲೆ ಒಂದಿಡೀ ದಿನ ಘಾಟ್ ರಸ್ತೆ. ಅಷ್ಟು ದೂರ ಹೋದ್ಮೇಲೆ ಮೂರು ದಿನಕ್ಕೆ ವಾಪಸ್ ಬರೋಕೆ ಮನಸ್ಸಾದ್ರೂ ಹೇಗೆ ಬರುತ್ತೆ, ಹತ್ತು ದಿನ ಇರೋದು, ಊರಿನವರ ಮನೇಲೇ ಉಳ್ಕೊಳ್ಳೋದು, ಅಲ್ಲಿನ ಗೈಡ್ ಜೊತೇಲೇ ಹೋಗೋದು.

ಗೈಡ್ ವಿಷ್ಯದಲ್ಲಿ ಚೌಕಾಸಿ ಬೇಡ. ಹಿಮಕುಸಿತ ಆಗೋದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಲ್ಲಿ, ಅಂದ್ರೆ ಸ್ಕೀ ಮಾಡೋಕೆ ಆಸೆ ಹುಟ್ಟಿಸೋ ಇಳಿಜಾರಲ್ಲೇ! ಬೀಕನ್ (ಹೂತವರಿರೋ ಜಾಗ ಹುಡುಕೋಕೆ ಸಿಗ್ನಲ್ ಕೊಡೋ ಯಂತ್ರ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡೋ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಹತ್ರ ಇರ್ಬೇಕು, ಯಾಕಂದ್ರೆ ಹಿಮದಡಿ ಹೂತುಹೋದವ್ರು 15 ನಿಮಿಷ ದಾಟಿದ್ರೆ ಬದುಕೋ ಚಾನ್ಸ್ ದಬಕ್ಕಂತ ಇಳಿಯುತ್ತೆ, ಪೊಲೀಸ್ ಬರೋ ತನಕ ಕಾಯೋಕಾಗಲ್ಲ, ಪಕ್ಕದವನೇ ತೋಡ್ಬೇಕು. ಜೋರು ಹಿಮ ಬಿದ್ದ ಮೇಲೆ ಒಂದೆರಡು ದಿನ ಸುಮ್ನೆ ಕೂತು ಇಸ್ಪೀಟ್ ಆಡೋದು. ಎಡೆಬಿಡದೆ ಮಳೆ ಹೊಡೆದ ವಾರ ಗುಡ್ಡದ ಬುಡದಲ್ಲಿ ಮಲಗ್ಬಾರ್ದು ಅಂತ ನಮಗೆ ಯಾರಾದ್ರೂ ಹೇಳ್ಬೇಕಾ?

ಒಂದೇ ತೊಂದ್ರೆ, ಫೆಬ್ರವರಿ ಅಂದ್ರೆ ಇಲ್ಲಿ ರೋಬಸ್ಟಾ ಕುಯ್ಲು. ಹತ್ತು ದಿನ ಅಂದಿದ್ದಕ್ಕೆ ಅಣ್ಣ ಎರಡು ದಿನ ಮಾತೇ ಬಿಟ್ಟ, ಆಮೇಲೆ ಮುಂದಿನ ವರ್ಷದ ಕುಯ್ಲು ಪೂರ್ತಿ ನಂದೇ ಅಂತ ಬರೆಸ್ಕೊಂಡು ಒಪ್ಪಿದ್ದಾನೆ.

ಹೊಸ ಸಾಮಾನು ತಗೊಳ್ಳಲ್ಲ, ವರ್ಷಕ್ಕೊಂದು ಸಲ ಹಾಕೋಕೆ ಯಾಕೆ? ಸ್ಕೀ ಬಾಡಿಗೆಗೆ, ಜಾಕೆಟ್ ಗೆಳೆಯಂದು. ಬೂಟು ಮಾತ್ರ ಅಳತೆ ತಪ್ಪಬಾರ್ದು, ಹೋದ ಸಲ ಬಾಡಿಗೆ ಬೂಟಲ್ಲಿ ನೆಲ್ಲಿಕಾಯಿ ಗಾತ್ರದ ಬೊಬ್ಬೆ ಬಂದಿತ್ತು. ಯಾರತ್ರಾದ್ರೂ 27.5 ಸೈಜಿನ ಟೂರಿಂಗ್ ಬೂಟಿದ್ರೆ ಹೇಳಿ, ಒಂದು ಕೇಜಿ ಕಾಫಿಪುಡಿ ಜೊತೆ ವಾಪಸ್ ಕೊಡ್ತೀನಿ.