ಬಗರ್ ಹುಕುಂ ಮಗು

ನಮ್ಮಪ್ಪನ ಹೆಸರು ಕಾಳೇಗೌಡ. ಪಹಣಿಯಲ್ಲಿ ಕಳ್ಳೇಗೌಡ. 2000ದ ಆಸುಪಾಸಿನಲ್ಲಿ ಪಹಣಿಗಳನ್ನೆಲ್ಲ ‘ಭೂಮಿ’ ತಂತ್ರಾಂಶಕ್ಕೆ ತುಂಬುವಾಗ ಯಾವನೋ ಪುಣ್ಯಾತ್ಮ ಒಂದು ದೀರ್ಘ ನುಂಗಿ ಒಂದು ಒತ್ತು ಕೊಟ್ಟ. ಆವತ್ತಿನಿಂದ ನಾನು ಈ ಭೂಮಿಯ ಮೇಲೆ ಇಲ್ಲವೇ ಇಲ್ಲದ ಮನುಷ್ಯನೊಬ್ಬನ ಮಗ. ಸರ್ಕಾರಕ್ಕೆ ಇದರಿಂದ ಒಂದು ದಿನವೂ ನಿದ್ದೆಗೆಟ್ಟಿಲ್ಲ. ‘ಬಿನ್’ ಆದ ಮೇಲೆ ಏನೋ ಒಂದು ಗಂಡಸಿನ ಹೆಸರು ಇದೆಯಲ್ಲ, ಅದಕ್ಕೆ ಅಷ್ಟು ಸಾಕು.

ಅದನ್ನು ತಿದ್ದಿಸೋಣ ಅಂತ ಮೊನ್ನೆ ಮಂಡ್ಯದ ಕಡೆಯ ಒಂದು ಕಚೇರಿಯಲ್ಲಿ ಸಾಲು ನಿಂತಿದ್ದೆ. ಯಾವುದು ಅಂತ ಕೇಳಬೇಡಿ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ನನ್ನ ಮುಂದೆ ಒಬ್ಬ ಹೆಣ್ಣುಮಗಳು, ಅವಳ ಸೆರಗು ಹಿಡಿದುಕೊಂಡು ಆರು ವರ್ಷದ ಹುಡುಗ. ಶಾಲೆಗೆ ಜಾತಿ-ಆದಾಯ ಪತ್ರ ಬೇಕಂತೆ.

“ತಂದೆ ಹೆಸ್ರು?”

“ಇಲ್ಲ ಸಾರ್.”

“ತೀರ್ಕಂಡವ್ರಾ? ಮರಣ ಪತ್ರ ತಂದಿದ್ದೀರಾ?”

“ತೀರ್ಕಂಡಿಲ್ಲ, ಚೆನ್ನಾಗೇ ಅವ್ರೆ. ಮದ್ವೆ ಆಗಿಲ್ಲ.”

ಅಲ್ಲಿಯವರೆಗೆ ಮೊಬೈಲಿನಲ್ಲಿ ಮುಳುಗಿದ್ದ ಸಾಲು ಒಟ್ಟಿಗೇ ಕತ್ತೆತ್ತಿತು. ಹುಡುಗ ಮಾತ್ರ ಮೇಜಿನ ಅಂಚಿನಲ್ಲಿದ್ದ ಇಂಕ್ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದ. ಆಪರೇಟರು ಕೆಟ್ಟವನಲ್ಲ. “ನಂದೇನಿಲ್ಲ ಕಣಮ್ಮ, ಕೆಂಪು ಚುಕ್ಕಿ ಐತೆ ನೋಡಿ, ಖಾಲಿ ಬಿಟ್ರೆ ಮುಂದುಕ್ಕೆ ಹೋಗಲ್ಲ,” ಅಂದ. ಹಿಂದಿನಿಂದ ಒಬ್ಬ ಯಜಮಾನರು ಪರಿಹಾರ ಕೊಟ್ಟರು: “ನಿಮ್ಮಪ್ಪನ ಹೆಸ್ರೇ ಹಾಕ್ಸವ್ವ, ಅದ್ಕೇನಂತೆ!” ಸಾಲಿಗೆ ಸಾಲೇ ತಲೆದೂಗಿತು. ಆಪರೇಟರು ಟೈಪು ಮಾಡಿದ, ಚುಕ್ಕಿ ಮಾಯವಾಯಿತು. ಇನ್ನೊಂದು ಗುಂಡಿ ಒತ್ತಿದರೆ ಹುಡುಗ ಅವನ ತಾಯಿಗೇ ತಮ್ಮ.

ಈ ‘ಬಿನ್’ ಅನ್ನುವುದು ಅರಬ್ಬಿ ಮಾತು. ತಹಶೀಲ್ದಾರ್, ಜಮಾಬಂದಿಗಳ ಜೊತೆ ನಮ್ಮ ದಫ್ತರಕ್ಕೆ ಬಂದು ಕೂತಿದೆ. ಅಲ್ಲಿ ಬಿನ್ ಅಂದರೆ ಮಗ. ಹಿಂದಿಯವರ ಬಾಯಲ್ಲಿ ಬಿನ್ ಅಂದರೆ ಇಲ್ಲದೆ. ಈ ಹುಡುಗನಿಗೆ ಎರಡೂ ಅರ್ಥ ಸರಿಹೊಂದುತ್ತದೆ. ಹೆಂಗಸರಿಗೆ ‘ಕೋಂ’ ಇದೆ, ಅದರ ಮುಂದೆ ಗಂಡ ಇರಬೇಕು. ತಾಯಿಯ ಹೆಸರು ಹೇಳಿ ಮಗನನ್ನು ಗುರುತಿಸುವುದಕ್ಕೆ ಪಹಣಿಯಲ್ಲಿ ಒಂದು ಎರಡಕ್ಷರದ ಪದವೂ ಇಲ್ಲ.

ಕಾನೂನಿನಲ್ಲಿ ದಾರಿ ಇಲ್ಲವೇ ಅಂದರೆ, ಇದೆ ಸ್ವಾಮಿ, ರಾಜಮಾರ್ಗವೇ ಇದೆ. ಮದುವೆಯಾಚೆ ಹುಟ್ಟಿದ ಮಗುವಿಗೆ ಮೊದಲ ಪೋಷಕಿ ತಾಯಿ, ಆಮೇಲೆ ತಂದೆ ಅಂತ 1956ರ ಹಿಂದೂ ಪೋಷಕತ್ವ ಕಾಯ್ದೆಯೇ ಹೇಳಿದೆ. ತಾಯಿ ಪೋಷಕತ್ವ ಕೇಳಿದರೆ ಆ ತಂದೆಯನ್ನು ಹುಡುಕಿ ನೋಟಿಸು ಕೊಡಬೇಕಿಲ್ಲ, ಅವನ ಹೆಸರು ಹೇಳು ಅಂತ ಅವಳನ್ನು ಬಲವಂತ ಮಾಡಬೇಕಿಲ್ಲ ಅಂತ 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2016ರ ಕೊನೆಯಲ್ಲಿ ಪಾಸ್‌ಪೋರ್ಟಿನವರೂ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರು ಸಾಕು ಅಂದರು. ಅಂದರೆ ದುಬೈಗೆ ಹೋಗಲು ಅಪ್ಪ ಬೇಡ, ಒಂದನೇ ಕ್ಲಾಸಿಗೆ ಹೋಗಲು ಬೇಕು.

ಮೈಸೂರಿನವನಾಗಿ ನನಗೆ ಇಲ್ಲಿ ಅರಮನೆ ನೆನಪಾಗದೆ ಇರುವುದಿಲ್ಲ. ‘ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ’ ಅಂತ ಶುರುವಾಗಿ ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಅಂತ ಮುಗಿಯುವ ಶಾಪ ಇಲ್ಲಿ ಕೂಸುಗಳಿಗೂ ಬಾಯಿಪಾಠ. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಎರಡು ವರ್ಷದ ಕೂಸೊಂದನ್ನು ದತ್ತು ತೆಗೆದುಕೊಂಡರು. ಅದನ್ನು ಮಗ ಅಂತ ಒಪ್ಪಿಕೊಳ್ಳಲು ಬ್ರಿಟಿಷರು ಎರಡು ವರ್ಷ ಮೀನಮೇಷ ಎಣಿಸಿದರು. ಒಪ್ಪಿದ ಮೇಲೆ 1881ರಲ್ಲಿ ಮಗನ ಜೊತೆ ಇಡೀ ರಾಜ್ಯವನ್ನೇ ವಾಪಸು ಕೊಟ್ಟರು. 2015ರಲ್ಲಿ ಇನ್ನೊಂದು ದತ್ತು ಆಯಿತು, ನಾವೆಲ್ಲ ಟಿವಿ ಮುಂದೆ ಕೂತು ಕೈಮುಗಿದೆವು. ಅರಮನೆಯ ವಂಶವೃಕ್ಷಕ್ಕೆ ಕೊಂಬೆ ಕಸಿ ಮಾಡಿದರೆ ನಮಗೆ ಸಂಭ್ರಮ. ನಾಡಕಚೇರಿಯ ವಂಶವೃಕ್ಷದಲ್ಲಿ ಮರಕ್ಕೇ ಬಿಟ್ಟ ಕೊಂಬೆಯನ್ನು ಪಂಚರೆಲ್ಲ ಸೇರಿ, ಛಾಪಾ ಕಾಗದದ ಮೇಲೆ, ನಮ್ಮ ಕಣ್ಣೆದುರೇ ಕಡಿಯುತ್ತಾರೆ. ಊರಿಗೆಲ್ಲ ಗೊತ್ತಿರುವ ಚಿಕ್ಕಮನೆ ಪಂಚರಿಗೆ ಮಾತ್ರ ಗೊತ್ತಿರುವುದಿಲ್ಲ.

ಇನ್ನು ಅಪ್ಪ ಯಾರು ಅನ್ನುವ ಪ್ರಶ್ನೆಗೆ ಕಾನೂನಿನ ಉತ್ತರ 1872ರ ಸಾಕ್ಷ್ಯ ಕಾಯ್ದೆಯದು. ಮದುವೆ ಇರುವಾಗ, ಅಥವಾ ಅದು ಮುರಿದ 280 ದಿನದೊಳಗೆ ಹುಟ್ಟಿದ ಮಗು ಗಂಡನದೇ. ಗಂಡ ಹೆಂಡತಿ ಸೇರುವ ಅವಕಾಶವೇ ಇರಲಿಲ್ಲ ಅಂತ ರುಜುವಾತಾಗದ ಹೊರತು ಎದುರು ಮಾತಿಲ್ಲ. ಹೊಸ ಸಾಕ್ಷ್ಯ ಅಧಿನಿಯಮ ಬಂತು, ಕಲಂ 112 ಹೋಗಿ 116 ಆಯಿತು, 280 ಹಾಗೇ ಉಳಿಯಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಮತ್ತೆ ಎತ್ತಿಹಿಡಿಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಯಾರು ಬಿತ್ತಿದರೂ ಬೆಳೆ ಪಹಣಿದಾರನದು. (ಹೆಂಗಸನ್ನು ಹೊಲ ಮಾಡಿದ್ದು ನಾನಲ್ಲ, ಕಾಯ್ದೆಯ ಧಾಟಿಯೇ ಹಾಗಿದೆ.)

ಆಸ್ತಿಯ ವಿಷಯಕ್ಕೆ ಬಂದರೆ ನಗು ಬರುತ್ತದೆ. ಮೊದಲ ಹೆಂಡತಿ ಇರುವಾಗಲೇ ಕದ್ದು ಇನ್ನೊಂದು ಮದುವೆ ಆದವನು ಅಪರಾಧಿ. ಆದರೆ ಆ ಅನೂರ್ಜಿತ ಮದುವೆಯ ಮಗುವಿಗೆ ಅಪ್ಪನ ಪಾಲಿನಲ್ಲಿ ಪಾಲುಂಟು. ನಮ್ಮ ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಹಾಗೆ ತೀರ್ಪು ಕೊಟ್ಟಿತು, ಸಂತೋಷ. ಮದುವೆಯನ್ನೇ ಆಗದೆ ಕೈಕೊಟ್ಟವನ ಮಗುವಿಗೆ? ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದು ತಾಯಿಗೆ ಮಾತ್ರ ಸಂಬಂಧಿ. ಆದ್ದರಿಂದ ಹೆಣ್ಣುಮಕ್ಕಳೇ, ಮೋಸಗಾರನನ್ನೇ ನಂಬುವುದಾದರೆ ಒಂದು ಅರಿಶಿನದ ಕೊಂಬನ್ನಾದರೂ ಕಟ್ಟಿಸಿಕೊಂಡು ಮೋಸಹೋಗಿ.

ಅಕ್ರಮ ಅಪ್ಪ-ಅಮ್ಮ ಇರಬಹುದು, ಅಕ್ರಮ ಮಕ್ಕಳು ಅಂತ ಇಲ್ಲ ಅಂತ ನಮ್ಮ ಹೈಕೋರ್ಟು 2021ರಲ್ಲಿ ಹೇಳಿತ್ತು. ಆದರೆ ಅಕ್ರಮ-ಸಕ್ರಮದಲ್ಲಿ ಈ ರಾಜ್ಯವನ್ನು ಮೀರಿಸುವವರು ಯಾರು? ಪಂಪ್‌ಸೆಟ್ ಸಕ್ರಮ ಮಾಡಿದೆವು. ಹುಕುಂ ಇಲ್ಲದೆ ಗೋಮಾಳ ಉತ್ತವನಿಗೆ ಬಗರ್ ಹುಕುಂ ಅಂತ ಸಕ್ರಮದ ಅರ್ಜಿ ನಮೂನೆ 50 ಕೊಟ್ಟೆವು, ಸಾಲದೆ 53 ಕೊಟ್ಟೆವು, ಅದೂ ಸಾಲದೆ 57 ಕೊಟ್ಟೆವು. ಹುಕುಂ ಇಲ್ಲದೆ ಹುಟ್ಟಿದ ಕೂಸಿಗೆ ಒಂದು ನಮೂನೆ ಇಲ್ಲ. ಇರುವುದು ಕೆಂಪು ಚುಕ್ಕಿ.

2023ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯ ಸುದ್ದಿ ಬಂತಲ್ಲ. ಬೆಲ್ಲ ಮಾಡುವ ಜಾಗದಲ್ಲಿ ಮೆಷಿನ್ ಇಟ್ಟುಕೊಂಡು ಹೊಟ್ಟೆಯೊಳಗಿನದು ಹೆಣ್ಣೋ ಗಂಡೋ ನೋಡುತ್ತಿದ್ದರು. ಹೆಣ್ಣಾದರೆ ಮುಂದಿನದು ನಿಮಗೆ ಗೊತ್ತೇ ಇದೆ. ಅಂಥ ಕಡೆ ಹೆಂಡತಿಯನ್ನು ಕೂರಿಸಿಕೊಂಡು ಹೋಗುವವನು ಮದುವೆ ಛತ್ರದಲ್ಲಿ ಸಾವಿರ ಜನರ ಮುಂದೆ ತಾಳಿ ಕಟ್ಟಿದವನು. ಅವನು ಸಕ್ರಮ ತಂದೆ. ಅವನ ಹೆಸರು ಬರೆದರೆ ಚುಕ್ಕಿ ತಕರಾರು ಮಾಡುವುದಿಲ್ಲ. ಹೆತ್ತು, ಸಾಕಿ, ಕೂಲಿ ಬಿಟ್ಟು ಸಾಲಿನಲ್ಲಿ ನಿಂತವಳನ್ನು ಇಪ್ಪತ್ತು ಜನ ಕತ್ತೆತ್ತಿ ನೋಡುತ್ತಾರೆ. ಕೈಕೊಟ್ಟು ಓಡಿದವನನ್ನು ಯಾವ ಕೌಂಟರಿನಲ್ಲೂ ಯಾರೂ “ಮದುವೆಯಾಚೆ ಮಕ್ಕಳೆಷ್ಟು?” ಅಂತ ಕೇಳಿದ್ದಿಲ್ಲ, ಕೇಳುವುದಿಲ್ಲ. ಸಾಕಾಗಿದೆ.

“ಒತ್ಬೇಡಿ ಸಾರ್,” ಅಂದಳು ಆಕೆ. “ಅವ್ನು ನನ್ ತಮ್ಮ ಅಲ್ಲ, ಮಗ.” ಕಾಗದಗಳನ್ನು ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು, ಹುಡುಗನ ನೀಲಿ ಹೆಬ್ಬೆಟ್ಟನ್ನು ಸೆರಗಿನಲ್ಲಿ ಒರೆಸಿ, ಹೊರಟುಹೋದಳು.

ನನ್ನ ಸರದಿ ಬಂತು. ಆಪರೇಟರು ಪಹಣಿ ನೋಡಿದ, ನನ್ನ ಆಧಾರ್ ನೋಡಿದ, ಕಳ್ಳೇಗೌಡ ಅನ್ನುವ ಹೆಸರಿನ ಮೇಲೆ ಬೆರಳಿಟ್ಟ.

“ತಿದ್ದಕ್ಕೆ ಓಡಾಡ್ಬೇಕು ಸಾರ್. ಹೆಂಗೂ ಒಂದು ಹೆಸ್ರು ಐತಲ್ಲ, ನಡೀತದೆ ಬಿಡಿ.”